ಯಾರೂ ಮಲಗದ ಹಾಸಿಗೆ

ಸಂಕೋಚ ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ಎಂದು ನನ್ನ ಮಗಳು ಕೇಳಿದಾಗಲೆಲ್ಲ ನಾನು ತಡವರಿಸಿದ್ದೇನೆ. ಅದು ನಾಚಿಕೆಯಲ್ಲ, ನಾಚಿಕೆಗೆ ಏನಾದರೂ ಒಂದು ಕಾರಣ ಇರಬೇಕಾಗುತ್ತದೆ. ಹೆದರಿಕೆಯೂ ಅಲ್ಲ, ವಿನಯವಂತೂ ಅಲ್ಲವೇ ಅಲ್ಲ. ಇನ್ನೊಬ್ಬರ ಮನೆಯಲ್ಲಿ ಕೂತು ಗಂಟಲು ಒಣಗುತ್ತಿದ್ದರೂ, "ನೀರು ಕೊಡ್ಲಾ?" ಎಂದು ಕೇಳಿದರೆ, "ಅಯ್ಯೋ ಬೇಡ, ಈಗ ತಾನೇ ಕುಡ್ಕೊಂಡ್ ಬಂದೆ" ಅನ್ನುತ್ತೇವಲ್ಲ, ಅದು ಸಂಕೋಚ. ಕಾಫಿ ಅಂಗಡಿಯಲ್ಲಿ ತಪ್ಪು ಕಾಫಿ ಕೊಟ್ಟರೂ ಕೌಂಟರಿನ ಹುಡುಗಿಗೆ ಯಾಕೆ ತೊಂದರೆ ಎಂದು ಅದನ್ನೇ ಕುಡಿದು, ಹೊರಡುವಾಗ ತುಂಬ ಚೆನ್ನಾಗಿತ್ತು ಎಂದು ಹೇಳಿ ಬರುವುದು ಅದರ ಮುಂದಿನ ಹಂತ. ನನ್ನದು ಇನ್ನೂ ಮುಂದುವರಿದ ಸ್ಥಿತಿ. ನನಗಾಗಿ ಯಾರಾದರೂ ಕೆಲಸ ಮಾಡುತ್ತಿದ್ದರೆ ನಾನು ಕೂತು ನೋಡಲಾರೆ. ಇದನ್ನು ಬಹಳ ವರ್ಷ ಒಳ್ಳೆಯ ಗುಣವೆಂದೇ ನಂಬಿಕೊಂಡಿದ್ದೆ, ನಾಲ್ಕು ಜನ ಸೇರಿದ ಕಡೆ ಹೇಳಿಕೊಂಡೂ ಇದ್ದೆ.

ನಾವಿರುವುದು ಸಿಯಾಟಲ್ ಪಕ್ಕದ ನಾರ್ತ್ ಕ್ರೀಕ್‌ನಲ್ಲಿ. ಎರಡು ವಾರಕ್ಕೊಮ್ಮೆ ಮನೆ ಕ್ಲೀನ್ ಮಾಡಲು ಒಬ್ಬಾಕೆ ಬರುತ್ತಾರೆ. ಅವರು ಬರುವ ಹಿಂದಿನ ದಿನ ಸಂಜೆ, ಆಫೀಸಿನ ಕೊನೆಯ ಮೀಟಿಂಗ್ ಮುಗಿದ ಕೂಡಲೇ, ನಾನು ಇಡೀ ಮನೆಯನ್ನು ಕ್ಲೀನ್ ಮಾಡುತ್ತೇನೆ. ಒಲೆ ಉಜ್ಜುತ್ತೇನೆ, ಸಿಂಕ್ ಫಳಫಳ ಹೊಳೆಯುವಂತೆ ಮಾಡುತ್ತೇನೆ, ಬಾತ್‌ರೂಮಿನ ಕನ್ನಡಿ ಒರೆಸುತ್ತೇನೆ. ನಮ್ಮ ಯಜಮಾನರು ಪ್ರಸನ್ನ ಸೋಫಾದ ಮೇಲೆ ಕಾಲೆತ್ತಿಕೊಂಡು ವ್ಯಾಕ್ಯೂಮಿಗೆ ದಾರಿ ಬಿಡುತ್ತಾ, "ಅವರು ಬರೋದು ಕ್ಲೀನ್ ಮಾಡೋಕೋ, ಇನ್‌ಸ್ಪೆಕ್ಷನ್‌ಗೋ?" ಎಂದು ಕೇಳುತ್ತಾರೆ. "ಮನೆ ಹೀಗಿದ್ರೆ ಅವರೇನು ಅಂದ್ಕೋತಾರೆ?" ಎನ್ನುವುದು ನನ್ನ ಉತ್ತರ. ಮಾರನೆಯ ದಿನ ಆಕೆ ಬಂದು, ಕೊಳೆಯಿಲ್ಲದ ಮನೆಯನ್ನು ಇನ್ನೊಮ್ಮೆ ತೊಳೆದು, ಕೊಟ್ಟದ್ದನ್ನು ತೆಗೆದುಕೊಂಡು ಹೋಗುತ್ತಾರೆ. ಆಕೆ ಏನಂದುಕೊಳ್ಳುತ್ತಾರೋ ನನಗೆ ಇವತ್ತಿಗೂ ಗೊತ್ತಿಲ್ಲ.

ಇಂಥ ನಾನು ಈ ಸಲ ಬೆಂಗಳೂರಿಗೆ ಹೊರಟಾಗ ಒಂದು ಷರತ್ತು ಹಾಕಿದೆ. ದಾರಿಯಲ್ಲಿ ಸಿಂಗಪುರದಲ್ಲಿ ವಾರಾಂತ್ಯ ಇಳಿಯಬೇಕು, ಒಳ್ಳೆಯ ಹೋಟೆಲಿನಲ್ಲಿ ಇರಬೇಕು, ಅಲ್ಲಿ ನಾನು ಏನೂ ಮಾಡಬಾರದು. ಬೆಂಗಳೂರಿಗೆ ಕಾಲಿಟ್ಟ ಮೇಲೆ ನನ್ನದು ಅನ್ನುವ ಒಂದು ಬೆಳಗೂ ಇರುವುದಿಲ್ಲ ಎನ್ನುವುದು ನನಗೆ ಅನುಭವದಿಂದ ಗೊತ್ತು. ಬೆಳಗಿನ ತಿಂಡಿ ಒಬ್ಬ ಚಿಕ್ಕಮ್ಮನ ಮನೆಯಲ್ಲಿ, ಊಟ ಇನ್ನೊಬ್ಬ ಅತ್ತೆಯ ಮನೆಯಲ್ಲಿ, ಸಂಜೆ ಯಾರದ್ದೋ ನಾಮಕರಣ. ವರ್ಷವಿಡೀ ಆಫೀಸು ಮತ್ತು ಮನೆ ಎರಡರಲ್ಲೂ ಗೇದವಳಿಗೆ ಮೈ ಚಾಚಿ ಬಿದ್ದುಕೊಳ್ಳಲು ಸಿಕ್ಕುವುದು ಈ ಶನಿವಾರ, ಭಾನುವಾರ ಮಾತ್ರ. ಇದನ್ನು ಕಣ್ಣಲ್ಲಿ ನೀರು ತಂದುಕೊಂಡೇ ಹೇಳಿದೆ, ಆ ನೀರು ನಿಜವಾದದ್ದೂ ಹೌದು.

ಪ್ರಸನ್ನ ಒಪ್ಪಿದರು, ಆದರೆ ಅನುಮಾನದಿಂದ ಒಪ್ಪಿದರು. ಅವರ ಅನುಮಾನಕ್ಕೆ ಆಧಾರವಿತ್ತು. ನಮ್ಮ ಕಡೆಯ ಕನ್ನಡದವರಿಗೆ ವೆಕೇಶನ್ ಅಂದರೆ ಆಫೀಸಿಗಿಂತ ಕಷ್ಟದ ಕೆಲಸ. ನಮ್ಮ ಪಕ್ಕದೂರು ಲಿನ್‌ವುಡ್‌ನ ಒಂದು ಸಂಸಾರ ಹವಾಯಿಗೆ ಹೋಗಿ ಬಂದು, ಆ ಸುಸ್ತು ಕಳೆಯಲು ರಜೆ ಹಾಕಿ ಮನೆಯಲ್ಲಿ ಮಲಗಿತ್ತು. ಸೂರ್ಯೋದಯಕ್ಕೆ ಜ್ವಾಲಾಮುಖಿ, ಮಧ್ಯಾಹ್ನಕ್ಕೆ ಜಲಪಾತ, ಸೂರ್ಯಾಸ್ತಕ್ಕೆ ಫೋಟೋ. ಸಮುದ್ರದ ದಡದಲ್ಲಿ ಸುಮ್ಮನೆ ಕೂತಿದ್ದಿರಾ ಎಂದು ಕೇಳಿದರೆ, "ಟೈಮೇ ಸಿಗ್ಲಿಲ್ಲ ಕಣ್ರೀ" ಅಂದರು, ಏನೋ ಸಾಧಿಸಿದವರ ಹಾಗೆ. ಅಂಥವರನ್ನು ಕಂಡರೆ ನನಗೆ ಮರುಕ. ನಾನು ಸಿಂಗಪುರದಲ್ಲಿ ಏನನ್ನೂ ನೋಡುವುದಿಲ್ಲ, ಕಿಟಕಿಯಿಂದ ಕಾಣುವುದನ್ನು ಬಿಟ್ಟು, ಎಂದು ಹೊರಡುವ ಮೊದಲೇ ಎಲ್ಲ ಸ್ನೇಹಿತೆಯರಿಗೂ ಸಾರಿಬಿಟ್ಟೆ. ಸುಮ್ಮನಿರುವುದನ್ನು ಡಂಗುರ ಹೊಡೆದು ಹೇಳಬೇಕಾಗಿರಲಿಲ್ಲ, ಆದರೂ ಹೇಳಿದೆ.

ಶುಕ್ರವಾರ ಸಂಜೆ ಸಿಂಗಪುರಕ್ಕೆ ಇಳಿದೆವು. ಸಿಯಾಟಲಿನ ಜಿನುಗು ಮಳೆಗೆ ಹೊಂದಿಕೊಂಡ ಮೈಗೆ ಅಲ್ಲಿಯ ಗಾಳಿ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಬಡಿಯಿತು. ಹೋಟೆಲು ನದಿಯ ದಡದಲ್ಲಿತ್ತು. ಟ್ಯಾಕ್ಸಿಯಿಂದ ಇಳಿದ ಕೂಡಲೇ ಬಿಳಿ ಕೋಟಿನವರೊಬ್ಬರು ನನ್ನ ಬ್ಯಾಗಿಗೆ ಕೈ ಹಾಕಿದರು. ನಾನು ಬಿಡಲಿಲ್ಲ. ಅವರು ಎಳೆದರು, ನಾನೂ ನಗುತ್ತಲೇ ಎಳೆದೆ. ನಮ್ಮ ಮಗಳು ಇಂಚರ, ಹೈಸ್ಕೂಲಿನಲ್ಲಿದ್ದಾಳೆ, ಕನ್ನಡ ಪೂರ್ತಿ ಅರ್ಥವಾದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು, "ಅಮ್ಮಾ, ಲೆಟ್ ಗೋ" ಅಂದಳು. ರೂಮಿನಲ್ಲಿ ಹಾಲಿನಂಥ ಬಿಳಿಯ ಹಾಸಿಗೆ, ಮಗಳಿಗೆ ಕಿಟಕಿಯ ಪಕ್ಕ ಇನ್ನೊಂದು ಪುಟ್ಟ ಹಾಸಿಗೆ, ಮೈ ಮುಚ್ಚುವ ದಪ್ಪ ಬಾತ್‌ರೋಬು. ಮಲಗಿದ ಕೂಡಲೇ ನಿದ್ದೆ ಬಂತು. ಆ ಒಂದು ರಾತ್ರಿ ಸಂಕೋಚವೂ ಮಲಗಿತ್ತು ಅಂತ ಕಾಣುತ್ತದೆ.

ಬೆಳಿಗ್ಗೆ ಅದು ನನಗಿಂತ ಮುಂಚೆ ಎದ್ದಿತ್ತು. ಬಾಗಿಲ ಹೊರಗೆ ತಳ್ಳುಗಾಡಿಯ ಸದ್ದಾಯಿತು. ಇಣುಕಿದರೆ, ನೆರೆತ ಕೂದಲನ್ನು ಕ್ಲಿಪ್ಪಿನಲ್ಲಿ ಸಿಕ್ಕಿಸಿಕೊಂಡ ಚೀನೀ ಹೆಂಗಸೊಬ್ಬರು ಗಾಡಿಯ ತುಂಬ ಟವೆಲ್ಲು, ಚಾದರ ಪೇರಿಸಿಕೊಂಡು ಪಕ್ಕದ ರೂಮಿನ ಮುಂದೆ ನಿಂತಿದ್ದರು. ವಯಸ್ಸಿನಲ್ಲಿ ನನ್ನ ತಾಯಿಗಿಂತ ಸ್ವಲ್ಪ ಚಿಕ್ಕವರಿರಬೇಕು. ಆ ಊರಿನಲ್ಲಿ ಇಂಥವರನ್ನು ಆಂಟಿ ಅನ್ನುತ್ತಾರೆ ಎಂದು ಪ್ರಸನ್ನ ಎಲ್ಲೋ ಓದಿ ಹೇಳಿದ್ದರು. ಅಲ್ಲಿಗೆ ನನ್ನ ಕತೆ ಮುಗಿಯಿತು. ಆಂಟಿ ಅನ್ನಿಸಿಕೊಂಡವರ ಕೈಯಲ್ಲಿ ನಾನು ಮಲಗೆದ್ದ ಹಾಸಿಗೆ ಸರಿಮಾಡಿಸುವುದು ಹೇಗೆ?

ಒಳಗೆ ಬಂದವಳೇ ಕೆಲಸಕ್ಕೆ ನಿಂತೆ. ಚಾದರ ಕೊಡವಿ, ಎಳೆದು, ಮೂಲೆಗಳನ್ನು ಲಕೋಟೆಯಂತೆ ಮಡಿಸಿ ಸಿಕ್ಕಿಸಿದೆ. ಪ್ರಸನ್ನ ಇನ್ನೂ ಮಲಗಿದ್ದರಿಂದ ಅವರನ್ನು ಆಚೆ ಹೊರಳಿಸಿ ನನ್ನ ಅರ್ಧ ಮಾಡಿದೆ, ಈಚೆ ಹೊರಳಿಸಿ ಅವರ ಅರ್ಧ ಮಾಡಿದೆ. ವಾಷ್‌ಬೇಸಿನ್ ಒರೆಸಿ, ಟವೆಲ್ಲುಗಳನ್ನು ಮೊದಲಿದ್ದ ಮಡಿಕೆಯಲ್ಲೇ ಮಡಿಸಿ, ಟೀ ಕುಡಿದ ಕಪ್ಪುಗಳನ್ನು ತೊಳೆದು ಬೋರಲು ಹಾಕಿ, ಬ್ಯಾಗುಗಳನ್ನು ಕಣ್ಣಿಗೆ ಬೀಳದಂತೆ ಕಪಾಟಿಗೆ ತುಂಬಿಸಿದೆ. ಇಂಚರಳ ಹಾಸಿಗೆಗೆ ಕೈ ಹಾಕಿದಾಗ ಅವಳು ಎದ್ದು ಕೂತು, "ಅಮ್ಮಾ, ದಟ್ಸ್ ಲಿಟರಲಿ ಹರ್ ಜಾಬ್" ಅಂದಳು. "ವಯಸ್ಸಾದೋರು ಕಣೇ, ಪಾಪ" ಅಂದೆ. ಎಲ್ಲ ಮುಗಿದ ಮೇಲೆ ಬಾಗಿಲಲ್ಲಿ ನಿಂತು ಒಮ್ಮೆ ನೋಡಿದೆ. ಆ ಕೋಣೆಗೆ ಯಾರೂ ಬಂದೇ ಇಲ್ಲವೇನೋ ಅನ್ನುವಷ್ಟು ಅಚ್ಚುಕಟ್ಟಾಗಿತ್ತು, ನನಗೆ ಹೆಮ್ಮೆಯೂ ಆಯಿತು.

ತಿಂಡಿ ಮುಗಿಸಿ ಬಂದು, ಇನ್ನು ಸುಮ್ಮನಿರುವುದನ್ನು ಶುರು ಮಾಡೋಣ ಎಂದು ಕಿಟಕಿಯ ಪಕ್ಕ ಕಾಲು ಚಾಚಿದ್ದೆನಷ್ಟೆ, ಬಾಗಿಲು ಬಡಿದ ಸದ್ದಾಯಿತು. ಸೂಟು ಹಾಕಿದ ಡ್ಯೂಟಿ ಮ್ಯಾನೇಜರ್ ಒಬ್ಬ ಹಣ್ಣಿನ ತಟ್ಟೆ ಹಿಡಿದು ನಿಂತಿದ್ದ. ಮುಖ ಬಾಡಿತ್ತು. ರೂಮು ನಮಗೆ ಇಷ್ಟವಾಗಲಿಲ್ಲವೆಂದು ತಿಳಿದು ಹೋಟೆಲಿಗೆ ಬಹಳ ಬೇಸರವಾಗಿದೆ ಎಂದ. ಎ.ಸಿ. ಸದ್ದು ಮಾಡಿತೇ, ಏನಾದರೂ ವಾಸನೆ ಇತ್ತೇ, ರಾತ್ರಿ ಬೇರೆಲ್ಲಾದರೂ ತಂಗಿದ್ದಿರೇ ಎಂದು ವಿಚಾರಿಸಿದ. ನಮಗೆ ತಲೆಬುಡ ಅರ್ಥವಾಗಲಿಲ್ಲ. ಆಮೇಲೆ ಅವನೇ ಬಿಡಿಸಿ ಹೇಳಿದ. ಈ ರೂಮಿನಲ್ಲಿ ರಾತ್ರಿ ಯಾರೂ ಮಲಗಿಲ್ಲ ಎಂದು ಹೌಸ್‌ಕೀಪಿಂಗ್‌ನವರು ವರದಿ ಕೊಟ್ಟಿದ್ದಾರೆ. ಬಂದ ಅತಿಥಿಗಳು ಹಾಸಿಗೆ ಮುಟ್ಟಿಲ್ಲವೆಂದರೆ ಏನೋ ತೊಂದರೆ ಇರಲೇಬೇಕು.

"ಇಲ್ಲ, ಇಲ್ಲೇ ಚೆನ್ನಾಗಿ ಮಲಗಿದ್ವಿ" ಅಂದರು ಪ್ರಸನ್ನ.

ಮ್ಯಾನೇಜರನ ಮುಖ ಇನ್ನೊಂದು ಬಗೆಯಲ್ಲಿ ಗಂಭೀರವಾಯಿತು. ಹಾಗಾದರೆ ಆಂಟಿಯೇ ತಪ್ಪು ಮಾಡಿದ್ದಾರೆ, ಮಲಗಿದ್ದ ಚಾದರ ಬದಲಾಯಿಸದೆ ಯಾರೂ ಮಲಗಿಲ್ಲ ಎಂದು ಬರೆದು ಹೋಗಿದ್ದಾರೆ, ಅವರನ್ನು ಕರೆಸಿ ಮಾತಾಡುತ್ತೇನೆ ಎಂದ. ಆಂಟಿಗೆ ಕೆಲಸ ಕಡಿಮೆ ಮಾಡಲು ಹೋಗಿ ಆಂಟಿಯ ಕೆಲಸಕ್ಕೇ ಸಂಚಕಾರ ತಂದಿದ್ದೆ. ಎದ್ದು ನಿಂತು, ಹಾಸಿಗೆ ಮಾಡಿದವಳು ನಾನೇ ಎಂದು ಒಪ್ಪಿಕೊಂಡೆ. ಅವನಿಗೆ ನಂಬಿಕೆ ಬರಲಿಲ್ಲ. ಹೌಸ್‌ಕೀಪಿಂಗ್‌ನವರು ಬರಲು ತಡ ಮಾಡಿದರೇ ಎಂದು ಕೇಳಿದ. ಇಲ್ಲ ಅಂದೆ. ನಿನ್ನೆ ಹಾಸಿದ್ದು ಸರಿ ಇರಲಿಲ್ಲವೇ ಎಂದ. ತುಂಬ ಚೆನ್ನಾಗಿತ್ತು ಅಂದೆ. ಹಾಗಾದರೆ ಯಾಕೆ ಎಂದ. ಸಂಕೋಚಕ್ಕೆ ಆಗಲಾದರೂ ಒಂದು ಇಂಗ್ಲಿಷ್ ಪದ ಹೊಳೆಯಬಾರದೇ? "ಐ ಲೈಕ್ ಮೇಕಿಂಗ್ ಬೆಡ್ಸ್" ಎಂದುಬಿಟ್ಟೆ. ನದಿ ಕಾಣುವ ರೂಮಿನಲ್ಲಿ ಇಳಿದುಕೊಂಡು ಹಾಸಿಗೆ ಹಾಸುವುದು ಹವ್ಯಾಸವೆಂದು ಹೇಳಿದ ಮೊದಲ ಅತಿಥಿ ನಾನೇ ಇರಬೇಕು.

ಅವನು ಆಂಟಿಗೆ ಏನೂ ಅನ್ನುವುದಿಲ್ಲವೆಂದು ಮಾತು ಕೊಟ್ಟ. ನಮಗೆ ಇದಕ್ಕಿಂತ ದೊಡ್ಡ ರೂಮು ಕೊಡುತ್ತೇನೆ, ದಯವಿಟ್ಟು ಒಪ್ಪಿಕೊಳ್ಳಿ ಎಂದ. ಪ್ರಸನ್ನ ಬಾಯಿ ತೆರೆಯುವ ಮೊದಲೇ, "ನೋ ನೋ, ಪ್ಲೀಸ್, ಇದೇ ಸಾಕು" ಅಂದುಬಿಟ್ಟೆ. ಇನ್ನೊಮ್ಮೆ ಕೇಳುತ್ತಾನೆ, ಆಗ ಹೂಂ ಅಂದರಾಯಿತು ಎಂದು ನನ್ನ ಲೆಕ್ಕ. ಅವನಿಗೆ ಆ ಪದ್ಧತಿ ಗೊತ್ತಿರಲಿಲ್ಲ. ಥ್ಯಾಂಕ್ಸ್ ಹೇಳಿ ಹೊರಟುಹೋದ.

ಬಾಗಿಲು ಮುಚ್ಚಿದ ಮೇಲೆ ಪ್ರಸನ್ನ ಹಣ್ಣಿನ ತಟ್ಟೆ ತೊಡೆಯ ಮೇಲಿಟ್ಟುಕೊಂಡು ನಿಧಾನವಾಗಿ ಹೇಳಿದರು. "ವಸು, ಇದು ಸಂಕೋಚ ಅಲ್ಲ. ಕಂಡೋರ ಹತ್ರೆಲ್ಲ ಒಳ್ಳೆಯವಳು ಅನ್ನಿಸ್ಕೊಳ್ಳೋ ಚಟ. ನಿನ್ನ ಹೆಸರೂ ಗೊತ್ತಿಲ್ದೇ ಇರೋ ಆಂಟಿ ಕೂಡ ನಿನ್ನನ್ನ ಹೊಗಳ್ಬೇಕು."

"ಹಂಗೇನಿಲ್ಲ ರೀ. ಪಾಪ ಅನ್ಸುತ್ತೆ, ಅಷ್ಟೇ."

"ಅವರನ್ನ ನೋಡಿ ಪಾಪ ಅನ್ಸಿದ್ರೆ ಟಿಪ್ ಇಡು. ನಿನಗೆ ಅನ್ನಿಸೋದು ಪಾಪ ಅಲ್ಲ."

ಆ ಮಾತು ನಾಟಿತು. ನಾಟಿದ್ದಕ್ಕೇ ಸಿಟ್ಟು ಬಂತು, ಮಧ್ಯಾಹ್ನದವರೆಗೆ ಮಾತು ಬಿಟ್ಟೆ. ಅಂತೂ ಶನಿವಾರ ಹೀಗೆ ಕಳೆಯಿತು. ಬೇಸರಗೊಂಡ ಅತಿಥಿಗಳೆಂದು ನಮ್ಮ ರೂಮಿಗೆ ಗುರುತು ಬಿದ್ದಿತ್ತೇನೋ, ಕಣ್ಣು ಮುಚ್ಚಿದಾಗಲೆಲ್ಲ ಫೋನ್ ಬರುತ್ತಿತ್ತು, ಎಲ್ಲ ಸರಿಯಿದೆಯೇ ಎಂದು. ಆಮೇಲೆ ಒಬ್ಬಳು ಕೇಕು ತಂದಳು. ಇನ್ನೊಬ್ಬ ದಿಂಬಿನ ಬಗೆಗಳನ್ನು ತಂದು ತೋರಿಸಿದ, ನಮ್ಮಲ್ಲಿ ಸೀರೆ ಅಂಗಡಿಯವರು ತೋರಿಸುವ ಹಾಗೆ. ಬಂದವರಿಗೆಲ್ಲ ನಾನು ಎದ್ದು ನಿಂತು, ಸಾರಿ ಹೇಳಿ, ಊಟವಾಯಿತೇ ಎಂದು ಕೇಳಿ, ಬಾಗಿಲವರೆಗೆ ಹೋಗಿ ಕಳಿಸಿಬಂದೆ. ಬೆಂಗಳೂರಿನಲ್ಲಿ ನೆಂಟರ ಕಾಟ ಎಂದು ತಪ್ಪಿಸಿಕೊಂಡು ಬಂದವಳು, ಸಿಂಗಪುರದಲ್ಲಿ ನೆಂಟರನ್ನು ನಾನೇ ತಯಾರಿಸಿಕೊಂಡಿದ್ದೆ. ಪ್ರಸನ್ನ ಮತ್ತು ಇಂಚರ ಈಜುಕೊಳದ ಪಕ್ಕ ಮಲಗಿ ಸುಖವಾಗಿ ನಿದ್ದೆ ಮಾಡಿದರು. ಏನೂ ಮಾಡದೆ ಇರಬೇಕೆಂದು ಅತ್ತವಳು ನಾನು, ಏನೂ ಮಾಡದೆ ಇದ್ದವರು ಅವರು.

ಭಾನುವಾರ ಬೆಳಿಗ್ಗೆ ಇಬ್ಬರೂ ನನ್ನ ಮೇಲೆ ಕಾವಲು ಕೂತರು. ಸಂಜೆಯ ವಿಮಾನಕ್ಕೆ ಮೊದಲು ಇನ್ನೂ ಒಂದು ಹಗಲು ಬಾಕಿಯಿತ್ತು, ಅದನ್ನಾದರೂ ಉಳಿಸಿಕೊಳ್ಳಬೇಕಿತ್ತು. ಹಾಸಿಗೆಯನ್ನು ಮುಟ್ಟುವುದಿಲ್ಲ ಎಂದು ಇಂಚರ ನನ್ನಿಂದ ಆಣೆ ಮಾಡಿಸಿದಳು, ಅದೂ ಕನ್ನಡದಲ್ಲಿ. ಕೆದರಿದ ಚಾದರ, ನೆಲಕ್ಕೆ ಜಾರಿದ ದಿಂಬು, ಒದ್ದೆ ಟವೆಲ್ಲು, ಎಲ್ಲವನ್ನೂ ಹಾಗೇ ಬಿಟ್ಟು ಅವರಿಬ್ಬರೂ ಲಿಫ್ಟಿನ ಕಡೆ ನಡೆದರು. ಚಪ್ಪಲಿ ಹಾಕಿಕೊಳ್ಳುವ ನೆಪದಲ್ಲಿ ನಾನು ಹಿಂದೆ ಉಳಿದೆ. ಪೂರ್ತಿ ಮಾಡಲಿಲ್ಲ, ದೇವರಾಣೆ. ಚಾದರ ಸ್ವಲ್ಪ ಎಳೆದು, ಮೂಲೆಗಳನ್ನು ಸಿಕ್ಕಿಸಿ, ದಿಂಬುಗಳನ್ನು ಒಂದರ ಮೇಲೊಂದು ಇಟ್ಟೆ, ಅಷ್ಟೇ. ಯಾರೋ ಮಲಗಿದ್ದರು ಎಂದು ಗೊತ್ತಾಗಲಿ ಎಂದು ಒಂದು ದಿಂಬಿನ ನಡುವೆ ಕೈಯಿಂದ ಒತ್ತಿ ಗುಳಿ ಮಾಡಿಯೂ ಬಂದೆ.

ತಿಂಡಿಯ ಹಾಲಿನಲ್ಲಿ ಕೂತ ಮೇಲೆ ಕನ್ನಡಕ ಮರೆತದ್ದು ನೆನಪಾಯಿತು. ಇದು ನೆಪವಲ್ಲ, ನಿಜವಾಗಿಯೂ ಮರೆತಿದ್ದೆ. ಮೇಲೆ ಹೋದೆ. ರೂಮಿನ ಬಾಗಿಲು ತೆರೆದಿತ್ತು, ಮುಂದೆ ಗಾಡಿ ನಿಂತಿತ್ತು. ಒಳಗೆ ಆಂಟಿ ನಾನು ಸಿಕ್ಕಿಸಿದ ಮೂಲೆಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದರು. ಗಟ್ಟಿಯಾಗಿ ಸಿಕ್ಕಿಸಿದ್ದರಿಂದ ಹಾಸಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಎಳೆಯಬೇಕಾಗಿತ್ತು. ಚಾದರ ಕಿತ್ತು ನೆಲಕ್ಕೆ ಹಾಕಿದರು. ದಿಂಬುಗಳನ್ನೆಲ್ಲ ಕುರ್ಚಿಗೆ ಎಸೆದು, ಗವಸುಗಳನ್ನು ಬಿಚ್ಚಿ, ಹೊಸ ಚಾದರ ಕೊಡವಿ ಮೊದಲಿನಿಂದ ಶುರು ಮಾಡಿದರು. ಅವರ ತುಟಿ ಬಿಗಿದಿತ್ತು.

ಆ ತುಟಿಯನ್ನು ನಾನು ಎಲ್ಲೋ ನೋಡಿದ್ದೇನೆ ಅನ್ನಿಸಿ, ಎಲ್ಲಿ ಎಂದು ಹೊಳೆದಾಗ ಬಾಗಿಲಲ್ಲೇ ನಿಂತೆ. ನಾರ್ತ್ ಕ್ರೀಕಿನ ಹತ್ತಿರದ ವುಡಿನ್‌ವಿಲ್‌ನಲ್ಲಿ ನನ್ನ ಗೆಳತಿ ವಿನುತಾ ಇದ್ದಾಳೆ. ನಮ್ಮ ಮನೆಗೆ ಊಟಕ್ಕೆ ಬಂದಾಗಲೆಲ್ಲ, ನಾನು ಬೇಡ ಬೇಡ ಎಂದು ಬಡಕೊಂಡರೂ ಕೇಳದೆ, ಸೆರಗು ಸಿಕ್ಕಿಸಿ, ಎಲ್ಲ ಪಾತ್ರೆಯನ್ನೂ ಡಿಶ್‌ವಾಷರಿಗೆ ತುಂಬಿ ಹೋಗುತ್ತಾಳೆ. ಲೋಟಗಳು ಕೆಳಗೆ, ಬಾಣಲೆ ಮೇಲೆ, ಸ್ಪೂನುಗಳು ತಲೆಕೆಳಗು. ಅವಳ ಕಾರು ರಸ್ತೆಯ ತಿರುವು ದಾಟುವುದನ್ನೇ ಕಾದು, ನಾನು ಎಲ್ಲವನ್ನೂ ಹೊರಗೆ ತೆಗೆದು ಮತ್ತೆ ಜೋಡಿಸುತ್ತೇನೆ. ಆಗ ನನ್ನ ತುಟಿ ಹೀಗೇ ಇರುತ್ತದೆ ಎಂದು ಇಂಚರ ಅಣಕಿಸಿ ತೋರಿಸಿದ್ದಾಳೆ.

ಅಷ್ಟರಲ್ಲಿ ಆಂಟಿ ತಿರುಗಿ ನನ್ನನ್ನು ಕಂಡರು. ಮುಖದ ತುಂಬ ನಗು ತಂದುಕೊಂಡು, ಕೈಯಲ್ಲಿದ್ದ ದಿಂಬನ್ನು ಎದೆಗೆ ಒತ್ತಿ ಹಿಡಿದು, "ವೆರಿ ನೈಸ್ ಬೆಡ್, ಮೇಡಮ್. ಥ್ಯಾಂಕ್ ಯೂ, ಥ್ಯಾಂಕ್ ಯೂ" ಅಂದರು.

ಆ ದನಿ ನನಗೆ ಚೆನ್ನಾಗಿ ಗೊತ್ತು. ವಿನುತಾಳನ್ನು ಬಾಗಿಲವರೆಗೆ ಕಳಿಸುತ್ತಾ ನಾನು "ಎಷ್ಟು ಹೆಲ್ಪ್ ಆಯ್ತು ಕಣೇ" ಅನ್ನುವುದು ಅದೇ ದನಿಯಲ್ಲಿ.