ಕುರಿ ತನ್ನ ವರ್ಗ ಹೇಳಿದ್ದು

ನಂಬಿಕೆಯ ವಿಷಯದಲ್ಲಿ ನಾನು ಕೊಂಚ ಜಿಪುಣ. ದೇವರ ಮಾತು ಹಾಗಿರಲಿ, ನನ್ನ ನೆನಪನ್ನೇ ನಾನು ನಂಬುವುದಿಲ್ಲ. ಇದು ನಡೆದದ್ದು ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆ ರಜೆಯಲ್ಲಿ ಎನ್ನುತ್ತೇನೆ. ದಸರಾ ರಜೆ ಎನ್ನುತ್ತಾಳೆ ಹೆಂಡತಿ. ಇರಬಹುದು.

ಚಿತ್ರದುರ್ಗದಲ್ಲಿ ಗಣಿತದ ಮೇಷ್ಟರಾಗಿದ್ದ ನಾನು ರಜೆ ಬಂದರೆ ಸಾಕು, ತೂತು ಕೊರೆದ ಕಾರ್ಡುಗಳ ಕಟ್ಟು ಹಿಡಿದು ವಿಶ್ವವಿದ್ಯಾಲಯದ ಕಂಪ್ಯೂಟರಿನ ಸರದಿಗೆ ಕಾಯುತ್ತಿದ್ದೆ. ಮಾರಿಕಣಿವೆಯ ಕಡೆ ಕುರಿ ಕಾಯುತ್ತಿದ್ದ ಅಪ್ಪನಿಗೆ ಇದು ಕೆಲಸವೆಂದೇ ಅನ್ನಿಸಿರಲಿಲ್ಲ. ಯಾರಾದರೂ ಕೇಳಿದರೆ "ಐತೆ ಏನೋ, ತೂತಿನ ಕಾಗದದ್ದು" ಎಂದು ಮಾತು ಹಾರಿಸುತ್ತಿದ್ದ. ಅವನ ಬಾಯಿಂದ ಒಮ್ಮೆಯಾದರೂ ಹೆಮ್ಮೆಯ ಮಾತು ಬರಲೆಂದು ನನ್ನ ಪ್ರೋಗ್ರಾಮಿನೊಳಕ್ಕೆ ಅವನ ಹಿಂಡನ್ನೇ ತಂದೆ. 'ಪ್ರಾಣಿ' ಎಂಬುದು ಮೂಲ ವರ್ಗ. 'ಕುರಿ', 'ಮೇಕೆ' ಅದರಿಂದ ಹುಟ್ಟಿದ ವರ್ಗಗಳು. ಯಾವುದನ್ನು ಕೇಳಿದರೂ ಅದು ತನ್ನ ವರ್ಗವನ್ನು ತಾನೇ ಹೇಳಬೇಕು. ಉತ್ತರದ ಸಾಲನ್ನು ಮೂಲ ವರ್ಗದಲ್ಲಿ ಒಂದೇ ಸಲ ಬರೆದರೆ ಮಕ್ಕಳಿಗೂ ತಾನಾಗಿ ಬರುತ್ತದೆಂದು ಬೀಗಿದೆ. ಬಂತು. ಆದರೆ ಆ ಸಾಲಿನಲ್ಲಿ 'ಪ್ರಾಣಿ' ಎಂದೇ ಬರೆದುಬಿಟ್ಟಿದ್ದೆ. ಕುರಿಯೂ ಪ್ರಾಣಿ ಎಂದಿತು, ಮೇಕೆಯೂ ಪ್ರಾಣಿ ಎಂದಿತು.

ಮುಖ ಸಣ್ಣದು ಮಾಡಿಕೊಂಡು ಊರಿಗೆ ಹೋಗಿ, ಕಂಪ್ಯೂಟರು ಅಚ್ಚು ಹಾಕಿಕೊಟ್ಟ ಕಾಗದವನ್ನು ಅಪ್ಪನಿಗೆ ಓದಿ ಹೇಳಿದೆ. "ಕೆಟ್ಟೋಯ್ತಪ್ಪ. ಕುರಿ ತನ್ನ ಹೆಸರು ಬಿಟ್ಟು ಹುಟ್ಟಿಸಿದವನ ಹೆಸರು ಹೇಳ್ತೈತೆ."

"ಕೆಟ್ಟಿದ್ದೇನ್ಲೇ? ಇಲ್ಲಿ ನೀನ್ಯಾರು ಅಂತ ಯಾರು ಕೇಳ್ತಾರೆ, ಯಾರ ಮಗ ಅಂತಾರೆ. ಅಪ್ಪನ ಹೆಸರು ಮೊದಲು ಹೇಳ್ಯವೆ. ಚೆನ್ನಾಗಿ ಕಲ್ಸಿದೀಯ."

"ಹಂಗಾದ್ರೆ ಕುರಿ ಯಾವುದು, ಮೇಕೆ ಯಾವುದು ಅಂತ ಮಿಷನ್ನಿಗೆ ಗೊತ್ತಾಗೋದು ಹೆಂಗೆ?"

"ಕಣ್ಣಿಲ್ಲೇನು ಅದಕ್ಕೆ?"

"ಇಲ್ಲ."

"ಪಾಪ" ಎಂದ ಅಪ್ಪ, ಕಾಗದ ಇಸಿದುಕೊಂಡು ಜೇಬಿಗಿಟ್ಟ.

ನಾನು ಮರಳಿ ಹೋಗಿ ತಿದ್ದಿದೆ. ಆ ಸಾಲು ಈಗ ಒಂದೇ ಹೆಸರನ್ನು ಗಿಣಿಯಂತೆ ಒಪ್ಪಿಸದೆ, ತನ್ನನ್ನು ಕರೆದ ಪ್ರಾಣಿ ಯಾವ ವರ್ಗದ್ದೆಂದು ಅದನ್ನೇ ಕೇಳಿ ಹೇಳುತ್ತಿತ್ತು. ಕುರಿ ಕುರಿಯೆಂದಿತು, ಮೇಕೆ ಮೇಕೆಯೆಂದಿತು. ವಿಶ್ವವಿದ್ಯಾಲಯದ ಪ್ರೊಫೆಸರರೊಬ್ಬರು ನೋಡಿ ತಲೆದೂಗಿದರು. ಹೊಸ ಕಾಗದ ಹಿಡಿದು ಊರಿಗೆ ಓಡಿದರೆ, ಅಪ್ಪ ಹಿರಿಯೂರಿನ ನೆಂಟರೊಬ್ಬರ ಮುಂದೆ ಹಳೆಯದನ್ನು ಹರಡಿಕೊಂಡು ಕೂತಿದ್ದ. "ಕುಂತ್ಕಳ್ರಿ, ನೋಡ್ರಿ. ನನ್ನ ಮಗ ಮಿಷನ್ನಿಗೂ ಮರ್ಯಾದೆ ಕಲ್ಸ್ಯಾನೆ. ಯಾವುದನ್ನ ಕೇಳಿದ್ರೂ ಅಪ್ಪನ ಹೆಸರೇ ಹೇಳ್ತೈತೆ."

ತಪ್ಪು ಕಂಡರೆ ತಿದ್ದದೆ ಬಿಡುವವನು ನಾನಲ್ಲ. ಹೊಸ ಕಾಗದವನ್ನು ಮಡಚಿ ಚೀಲದ ತಳಕ್ಕೆ ತುರುಕಿದೆ. ಅಪ್ಪ ಹಳೆಯದನ್ನು ಮೈದಾ ಅಂಟು ಹಚ್ಚಿ ಗೋಡೆಗೆ ಅಂಟಿಸಿದ; ಒಂದು ಕಡೆ ಸೊಟ್ಟಗಿತ್ತು, ಅಷ್ಟನ್ನು ಕಿತ್ತು ನೇರ ಮಾಡಿದೆ.