ಎವರೆಟ್‌ನ ಕಿವಿಗೆ ಲಾವಕ್ಕಿಯ ಸಾಕ್ಷಿ

"ನನ್ನ ಕಿವಿ ನೋಡೋಕೆ ಡಾಕ್ಟರೇ ಬೇಕಾ? ನಾನೇನು ಸತ್ತಿದ್ದೀನಾ?" ಎಂದು ಪ್ರೊಫೆಸರ್ ಎವರೆಟ್ ಟಾಲೆಫ್ಸನ್ ಕಾಫಿಯ ಮುಂದೆ ಎದೆಯುಬ್ಬಿಸಿದ. ಸದ್ದಿಗೆ ಪ್ರಾಣಿಗಳು ಹೇಗೆ ಬೆಚ್ಚುತ್ತವೆಂದು ಹುಡುಕುವುದರಲ್ಲೇ ಅರ್ಧ ಆಯುಷ್ಯ ತೇಯ್ದ ಮಹಾನುಭಾವ! ಹಕ್ಕಿಯಾಗಲಿ ಇಲಿಯಾಗಲಿ, ಢಮಾರ್ ಎಂಬ ಸದ್ದು ಕಿವಿಯಿಂದ ಮಿದುಳಿನ ಬುಡಕ್ಕೆ, ಅಲ್ಲಿಂದ ನೇರ ಕುತ್ತಿಗೆಗೆ ಓಡುತ್ತದೆ. ಬುದ್ಧಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಮೈ ಹಾರಿ ಆಗಿರುತ್ತದೆ. "ಹಕ್ಕಿಯ ಕಿವಿ ಸದ್ದಿಗೆ ಕೆಟ್ಟರೂ ಮತ್ತೆ ಚಿಗುರುತ್ತದೆ, ನಮ್ಮದು ಚಿಗುರುವುದಿಲ್ಲ" ಎಂದು ವಿದ್ಯಾರ್ಥಿಗಳನ್ನು ಹೆದರಿಸಿ, ತಾನು ಮಾತ್ರ ಕಿವಿ ಮುಚ್ಚದೆ ಆ ಸದ್ದಿನಲ್ಲೇ ದುಡಿದಿದ್ದ.

"ನಾನು ಹೇಳಿದ್ದು ಒಂದೂ ನಿನಗೆ ಕೇಳ್ತಿಲ್ಲ" ಎಂದಳು ಹೆಂಡತಿ ಮಾರ್ಲಿಸ್.

"ನೀನು ಬಾಯೊಳಗೇ ಗೊಣಗಿದ್ರೆ ಯಾರಿಗೆ ಕೇಳತ್ತೆ? ಇವತ್ತು ಯಾವಾಗ ಬೇಕಾದ್ರೂ ನನ್ನ ಬೆನ್ನ ಹಿಂದೆ ಬಾಣಲೆ ಬಡಿ. ಬೆಚ್ಚಿದ್ರೆ ಈ ಮಾತು ಎತ್ತಬಾರದು."

"ಬೆಚ್ಚದೇ ಇದ್ರೆ?"

"ನೀನು ಹೇಳಿದ ಡಾಕ್ಟರ ಹತ್ರ ಬರ್ತೀನಿ ಮಾರಾಯ್ತಿ."

ವಿಜ್ಞಾನವೆಂದ ಮೇಲೆ ಹೋಲಿಕೆ ಬೇಡವೇ? ಸಸ್ತನಿಗಳ ಪರವಾಗಿ ಮನೆಯ ನಾಯಿ ಗಸ್, ಪಕ್ಷಿಕುಲದ ಪರವಾಗಿ ಪ್ರಯೋಗಾಲಯದಿಂದ ಪಂಜರದಲ್ಲಿ ತಂದ ಲಾವಕ್ಕಿ. ಎರಡನ್ನೂ ಕುರ್ಚಿಯ ಹಿಂದೆ ಬಿಟ್ಟು, ಕಿಟಕಿಯಾಚೆ ಡುಲೂತ್ ಊರಿನ ಹಿಮದ ಕಡೆ ಮುಖ ಮಾಡಿ ಎವರೆಟ್ ಪತ್ರಿಕೆ ಬಿಡಿಸಿದ.

ಮಧ್ಯಾಹ್ನವಾದರೂ ಬಾಣಲೆಯ ಸುದ್ದಿಯಿಲ್ಲ. ಸಿಟ್ಟು ಬಂದದ್ದು ಪಕ್ಕದ ಮನೆಯವನ ಮೇಲೆ. "ಈ ಸ್ವೆನ್ಸನ್ ಕಾರಿನ ಬಾಗಿಲು ಎಷ್ಟು ಸಲ ಹಾಕ್ತಾನೆ ಪುಣ್ಯಾತ್ಮ!" ಸ್ವಲ್ಪ ಹೊತ್ತಿಗೆ ಅದೂ ನಿಂತಿತು. ಸಂಜೆಗೆ ಗೆದ್ದವನ ಠೀವಿಯಿಂದ ಎದ್ದು, "ಏನೇ, ಕೈ ಬರಲಿಲ್ವಾ?" ಎನ್ನುತ್ತ ಹಿಂದೆ ತಿರುಗಿದ.

ಗಸ್ ಸೋಫಾದ ಕೆಳಗೆ ಉಚ್ಚೆಯ ಮಡುವಿನಲ್ಲಿ ನಡುಗುತ್ತಿತ್ತು. ಲಾವಕ್ಕಿ ಬೆಚ್ಚಿದರೆ ನೆಟ್ಟಗೆ ಮೇಲಕ್ಕೆ ಚಿಮ್ಮುತ್ತದೆ; ಅದಕ್ಕೇ ಪ್ರಯೋಗಾಲಯದಲ್ಲಿ ಪಂಜರದ ಚಾವಣಿಗೆ ಮೆತ್ತನೆಯ ಬಟ್ಟೆ ಕಟ್ಟುವುದು. ಮನೆಯಲ್ಲಿ ಅವನಿಗೆ ಅದು ಮರೆತೇಹೋಗಿತ್ತು. ತಲೆಯೊಡೆದ ಹಕ್ಕಿ ತಣ್ಣಗಾಗಿತ್ತು. ಮಾರ್ಲಿಸ್ ಮಡಿಲಲ್ಲಿ ಬಾಣಲೆ ಇಟ್ಟುಕೊಂಡು ನೆಲದ ಮೇಲೆ ಕೂತಿದ್ದಳು. ಅತ್ತು ಅತ್ತು ಕಣ್ಣು ಊದಿತ್ತು. ಅವಳ ತುಟಿ ಅಲುಗಿತು.

"ಏನಂದೆ?"

ಅವಳು ಎದ್ದು ಬಂದು ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಒಂದೊಂದೇ ಮಾತು ಬಿಡಿಸಿ ಹೇಳಿದಳು.

"ಸ್ವೆನ್ಸನ್ ಊರಲ್ಲೇ ಇಲ್ಲ. ಬಡೀತಿದ್ದವಳು ನಾನು. ಹಕ್ಕಿ ಸತ್ತಿದ್ದು ಕಂಡು ಬಾಣಲೆ ಬಿಟ್ಟೆ. ಆಮೇಲೆ ಬರೀ ನಿನ್ನ ಹೆಸರು ಹಿಡಿದು ಕೂಗಿದೆ."

ಎವರೆಟ್ ಹಕ್ಕಿಯನ್ನು ಪಂಜರದಿಂದ ಎತ್ತಿಕೊಂಡು ಕುರ್ಚಿಯಲ್ಲಿ ಕೂತ. ಅದರ ರೆಕ್ಕೆ ನೇವರಿಸಿ, "ಪಾಪದ್ದು" ಎಂದ.

"ಪಾಪದ್ದೇ" ಎಂದಳು ಮಾರ್ಲಿಸ್, ಅವನಿಗೆ ತುಟಿ ಕಾಣುವಂತೆ ಬಗ್ಗಿ. "ಕಿವಿ ಚಿಗುರೋ ಜೀವ ಸತ್ತುಹೋಯ್ತು. ಚಿಗುರದೇ ಇರೋದು ನನ್ನ ಪಾಲಿಗೆ ಉಳೀತು. ನಡಿ, ಕೋಟು ಹಾಕ್ಕೋ."