ಹೆರಳಿನಾಕಿ ಸೆಂಟು ಮತ್ತು ಅದರ ಅವತಾರಗಳು

ದಾಂಡೇಲಿ ಬಸ್ ನಿಲ್ದಾಣದ ಹತ್ತಿರ ಸೆಂಟು ಮಾರುವವನಿಗೆ ಹಾಸ್ಯಪ್ರಜ್ಞೆಯ ಅಗತ್ಯವಿಲ್ಲ. ಅದನ್ನು ಗಿರಾಕಿಗಳೇ ತರುತ್ತಾರೆ. ನಾವು ಮುಖ ಗಂಭೀರವಾಗಿ ಇಟ್ಟುಕೊಂಡರೆ ಸಾಕು.

ನಾನು ಧಾರವಾಡದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ನೌಕರಿ ಸಿಗುವ ತನಕ ಎಂದು ಅಪ್ಪನ ಫ್ಯಾನ್ಸಿ ಅಂಗಡಿಯಲ್ಲಿ ಕುಳಿತವನು. ಕುಳಿತು ಇಪ್ಪತ್ತೆರಡು ವರ್ಷವಾಯಿತು. ಬಳೆ, ಪಿನ್ನು, ಕನ್ನಡಿ, ರಿಬ್ಬನ್ನು ಎಲ್ಲ ಇಟ್ಟಿದ್ದೇವೆ, ಆದರೆ ಅಂಗಡಿ ನಿಂತಿರುವುದು ಒಂದು ಮಲ್ಲಿಗೆ ಸೆಂಟಿನ ಮೇಲೆ. ಅದರ ಲೇಬಲ್ಲಿನಲ್ಲಿ ಇಂಗ್ಲಿಷಿನ ಒಂದು ಉದ್ದನೆಯ ಹೆಸರಿದೆ. ಯಾರೂ ಓದಿಲ್ಲ. ಹೆಸರಿನ ಕೆಳಗೆ ನಮಗೆ ಬೆನ್ನು ಮಾಡಿ ಕೂತ ಒಬ್ಬ ಹೆಂಗಸಿನ ಚಿತ್ರ. ಅವಳ ಹೆರಳು ಸೊಂಟ ದಾಟಿ ಇಳಿದಿದೆ. ಹೀಗಾಗಿ ಹಳಿಯಾಳದಿಂದ ಜೋಯಿಡಾದವರೆಗೆ ಅದು "ಹೆರಳಿನಾಕಿ ಸೆಂಟು". ಬೆರಳುದ್ದದ ಗಾಜಿನ ಬಾಟಲಿ, ಗಾಜಿನದೇ ಬಿರಡೆ. ಕಂಪನಿಯವರು ಅದನ್ನು ನಾಲ್ಕು ಸಲ ಬದಲಾಯಿಸಿದರು. ನಾಲ್ಕು ಸಲವೂ ಜನ ಬೈದದ್ದು ನನ್ನನ್ನು.

೧. ಮೂರು ಇತಿಹಾಸ

ಈ ಸೆಂಟು ಹುಟ್ಟಿದ್ದು ಹೇಗೆ ಎಂದು ಗಿರಾಕಿ ಕೇಳಿದರೆ ಅಪ್ಪ ಮೊದಲು ಗಿರಾಕಿಯ ಊರು ಕೇಳುತ್ತಿದ್ದ. ಜೋಯಿಡಾದ ಕೊಂಕಣಿಯವರಾದರೆ, ಗೋವಾದ ಒಬ್ಬ ಪೋರ್ಚುಗೀಜ್ ಸಾಹೇಬನ ಹೆಂಡತಿಗೆ ನಮ್ಮ ಮಲ್ಲಿಗೆಯ ಹುಚ್ಚು ಹಿಡಿಯಿತು. ಬೆಳಗಾವಿ ಕಡೆಯವರಾದರೆ, ಒಬ್ಬ ಮರಾಠಾ ರಾಣಿಗೆ ಹಿಡಿಯಿತು. ಮುಂಡಗೋಡ ಕಡೆಯವರಾದರೆ ರಾಣಿಯೂ ಇಲ್ಲ, ಸಾಹೇಬನೂ ಇಲ್ಲ. ಒಬ್ಬ ರೈತ ಹೊಲದ ಬದುವಿಗೆ ಮಲ್ಲಿಗೆ ಹಚ್ಚಿ ಉದ್ಧಾರವಾದ.

ಒಂದು ಸಂತೆಯ ದಿನ ಮೂರೂ ಕಡೆಯವರು ಒಟ್ಟಿಗೇ ಬಂದು ನಿಂತರು. ಮುಂಡಗೋಡ ಕಡೆಯ ಪಾಳಾದಿಂದ ಬಂದ ರೈತರೇ ಪ್ರಶ್ನೆ ಕೇಳಿದರು. ನಾನು ಕೈಕಟ್ಟಿ ನೋಡುತ್ತ ನಿಂತೆ. ಅಪ್ಪ ಒಂದು ಸಲ ಕೆಮ್ಮಿದ, ಅಷ್ಟೇ. ರೈತ ಪಾಳಾದ ಬದುವಿನಲ್ಲಿ ಹೂವು ಬೆಳೆದ, ಸಾಹೇಬನ ಹೆಂಡತಿ ಅದರಿಂದ ಸೆಂಟು ಇಳಿಸಿದಳು, ರಾಣಿಯ ಮಗಳ ಲಗ್ನಕ್ಕೆ ಅದನ್ನು ಉಡುಗೊರೆ ಕೊಟ್ಟಳು. ಮೂವರೂ ತಲೆಯಾಡಿಸಿ, ಮೂವರೂ ಕೊಂಡು ಹೋದರು.

"ಅಪ್ಪಾ, ಇದರಾಗ ಖರೇ ಯಾವುದು?" ಎಂದೆ.

"ಮೂರೂ ಬಾಟ್ಲಿ ಹೋದ್ವಿಲ್ಲೋ? ಮೂರೂ ಖರೇ."

೨. ಹೆರಳು ಎಲ್ಲೈತಿ?

ನಮ್ಮ ಅತಿ ಹಳೆಯ ಗಿರಾಕಿ ಎಂದರೆ ಸಾಂಬ್ರಾಣಿಯ ಒಬ್ಬ ಅಜ್ಜಿ. ಎಲ್ಲರೂ ಆಯಿ ಎನ್ನುತ್ತಾರೆ, ನಾನೂ ಹಾಗೇ ಎನ್ನುತ್ತೇನೆ. ಹಣೆಯ ಮೇಲೆ ವಿಭೂತಿ, ಕುಂಕುಮ ಎರಡೂ. ಮಾತಿನಲ್ಲಿ ಎರಡೂ ಇಲ್ಲ. ಊರ ಹೆಸರೇ ಸಾಂಬ್ರಾಣಿಯಾದ್ದರಿಂದ ವಾಸನೆಯ ವಿಷಯದಲ್ಲಿ ತನಗೆ ಹುಟ್ಟಿನಿಂದಲೇ ಹಕ್ಕಿದೆ ಎಂದು ಆಕೆಯ ನಂಬಿಕೆ.

ಆಕೆಯ ಮನೆತನದಲ್ಲಿ ಒಂದು ಪದ್ಧತಿ. ಲಗ್ನದ ದಿನ ಹಿರಿ ಸೊಸೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು, ಒಳಗೆ ಬರುವ ಪ್ರತಿ ಹೆಂಗಸಿನ ಮುಂಗೈಗೆ ಹತ್ತಿ ಸುತ್ತಿದ ಕಡ್ಡಿಯಿಂದ ಸೆಂಟು ಹಚ್ಚಬೇಕು. ಬಂದವರು ಮೂಸಿ, ನಕ್ಕು, ಒಳಗೆ ಹೋಗಬೇಕು. ಲಗ್ನಪತ್ರಿಕೆಯಲ್ಲಿ ಯಾರ ಹೆಸರು ಅಚ್ಚಾಗಿದ್ದರೂ, ಮನೆಯ ಯಜಮಾನಿ ಯಾರೆಂಬುದು ಆ ಕುರ್ಚಿಯಿಂದ ತಿಳಿಯುತ್ತದೆ. ನಲವತ್ತು ವರ್ಷ ಆ ಕುರ್ಚಿ ಆಯಿಯದು. ಆಮೇಲಿನ ಸರದಿ ಆಕೆಯ ನೆಗೆಣ್ಣಿಯದು, ಅಂದರೆ ಮೈದುನನ ಹೆಂಡತಿಯದು. ಆಕೆ ಮೂವತ್ತು ವರ್ಷದಿಂದ ಸರದಿಯಲ್ಲೇ ಇದ್ದಳು.

ಕಂಪನಿಯವರು ಮೊದಲ ಸಲ "ನ್ಯೂ" ಎಂದು ಬರೆದು ಲೇಬಲ್ ಬದಲಿಸಿದಾಗ ಚಿತ್ರದ ಹೆಂಗಸನ್ನು ನಮ್ಮ ಕಡೆ ತಿರುಗಿಸಿ ಕೂರಿಸಿದರು. ಆಯಿ ಬಾಟಲಿಯನ್ನು ಕಣ್ಣಿನ ಹತ್ತಿರ ಹಿಡಿದಳು.

"ತಮ್ಮಾ, ಇಕಿ ಯಾರು?"

"ಅಕಿನ ಆಯಿ. ಈಗ ಈ ಕಡೆ ಹೊಳ್ಳಿ ಕುಂತಾಳ."

"ಹೆರಳು ಎಲ್ಲೈತಿ?"

"ಹಿಂದ ಐತಿ."

ಆಯಿ ಬಾಟಲಿ ತಿರುಗಿಸಿ ಹಿಂಭಾಗವನ್ನು ಸಾವಕಾಶವಾಗಿ ನೋಡಿದಳು. ಅಲ್ಲಿ ತಯಾರಾದ ತಿಂಗಳು ಮತ್ತು ಬೆಲೆ ಇದ್ದವು.

"ಇಲ್ಲೂ ಇಲ್ಲಲ್ಲೋ. ಕತ್ತರಿಸ್ಯಾರ ನೋಡು."

೩. ಸೆರೆ ಐತಿ

ಲೇಬಲ್ಲಿನ ಜೊತೆ ವಾಸನೆಯೂ ಹೋಯಿತು ಎಂದು ಆಯಿಯ ದೂರು. ಒಳಗಿನ ಮಾಲು ಅದೇ ಎಂದು ನಾನು ಹೇಳಿದೆ. ಎಂ.ಎಸ್ಸಿ. ಓದಿದವರಿಗೆ ಮೂಗು ಇರುವುದಿಲ್ಲ ಎಂದು ಆಕೆ ಹೇಳಿದಳು. ವಿಚಿತ್ರವೆಂದರೆ, ಲಗ್ನಗಳಿಗೆ ಬರುವ ಹೆಂಗಸರೂ ಮುಂಗೈ ಮೂಸಿ "ಯಾಕೋ ಮೊದಲಿನಂಗಿಲ್ಲ ಆಯಿ" ಎನ್ನತೊಡಗಿದ್ದರು. ನೆಗೆಣ್ಣಿ ಅದಕ್ಕೆ ತನ್ನದೊಂದು ವ್ಯಾಖ್ಯಾನ ಸೇರಿಸಿದಳು: ಸೆಂಟು ಸರಿಯಾಗಿಯೇ ಐತಿ, ಅಕ್ಕನ ಕೈಗುಣ ಹೋಗೇತಿ.

ಎರಡನೇ ಅವತಾರ ಸ್ಪ್ರೇ. ನೆಗೆಣ್ಣಿ ಅದನ್ನು ಕೊಂಡು, ಹಳಿಯಾಳದಲ್ಲಿ ನಡೆದ ಒಂದು ಲಗ್ನದಲ್ಲಿ ಆಯಿಯ ಕುರ್ಚಿಯ ಪಕ್ಕದಲ್ಲೇ ನಿಂತು ಹೊಡೆಯತೊಡಗಿದಳು. ನಾನೂ ಹೋಗಿದ್ದೆ. ಹೆಂಗಸರ ಸಾಲು ಅತ್ತ ಹೊರಳಿತು. ಉತ್ಸಾಹದಲ್ಲಿ ಆಕೆ ಲಗ್ನ ಮಾಡಿಸಲು ಬಂದ ಅಯ್ಯನವರಿಗೂ ಎದೆಯ ಮೇಲೆ ಎರಡು ಸಲ ಹೊಡೆದಳು.

ಆಯಿ ಮೊಮ್ಮಗಳನ್ನು ಕರೆದಳು. "ಆ ಡಬ್ಬಿ ಮ್ಯಾಲ ಏನು ಬರದೈತಿ, ದೊಡ್ಡದಾಗಿ ಓದವಾ."

ಮೊಮ್ಮಗಳು ದೊಡ್ಡದಾಗಿ ಓದಿದಳು. ಆಲ್ಕೋಹಾಲ್ ಎಂಬಲ್ಲಿಗೆ ಬಂದಾಗ ಆಯಿ ಕೈ ಎತ್ತಿ ನಿಲ್ಲಿಸಿದಳು. "ಅಯ್ಯಾರ, ನಿಮ್ಮ ಮ್ಯಾಲ ಸೆರೆ ಬಿದ್ದೈತ್ರಿ."

ಅಯ್ಯನವರು ಮತ್ತೊಮ್ಮೆ ಸ್ನಾನಕ್ಕೆ ಹೋದರು. ಮುಹೂರ್ತ ಹತ್ತಿರ ಬರುತ್ತಿತ್ತು, ಗಂಡಿನ ಕಡೆಯವರು ಗೊಣಗುತ್ತಿದ್ದರು. ಅಷ್ಟರಲ್ಲಿ ಗಂಡಿನ ಸೋದರಮಾವ ಆ ಡಬ್ಬಿಯನ್ನು ಎತ್ತಿಕೊಂಡು ಲಗ್ನದ ಕಾರ್ಯಾಲಯದ ಹಿಂಬದಿಗೆ ಹೋಗಿ, ಬಹಳ ಹೊತ್ತು ಮೂಸಿ ನೋಡಿ, ಬೇಸರದಿಂದ ಮರಳಿ ಬಂದ.

"ಹೆಸರಿಗಷ್ಟ ಐತ್ರಿ. ಲಗ್ನಾ ಹಚ್ರಿ."

೪. ಗಂಡಸರ ಮಲ್ಲಿಗೆ

ಮೂರನೆಯದು ಗಂಡಸರಿಗಾಗಿ. ಹೆಂಗಸನ್ನು ತೆಗೆದು ಒಬ್ಬ ಮೀಸೆಯವನನ್ನು ಹಾಕಿದರು, ಬಾಟಲಿಗೆ ಕಪ್ಪು ಬಣ್ಣ ಬಳಿದರು. ಒಳಗಿನದು ಅದೇ ಮಲ್ಲಿಗೆ. ಮಲ್ಲಿಗೆ ಹೆಂಗಸರ ವಾಸನೆ ಎಂದು ವರ್ಷಗಟ್ಟಲೆ ಮೂಗು ಮುರಿದಿದ್ದ ಮಿಲ್ಲಿನ ನೌಕರರೊಬ್ಬರು ಇದನ್ನು ಕೊಂಡು, "ಇದು ನೋಡ್ರಿ ಗಂಡಸರ ವಾಸನಿ" ಎಂದು ಹಚ್ಚಿಕೊಂಡು ಹೋದರು. ವಾರದ ನಂತರ ಪಾಳಿ ಮುಗಿಸಿ ಬಂದು ಅಂಗಡಿಯ ಕಟ್ಟೆಯ ಮುಂದೆ ನಿಂತರು.

"ಸರ, ಒಂದು ತೊಂದರೆ ಆಗೇತ್ರಿ. ಇದು ನಮ್ಮವ್ವ ಹಚ್ಚಿಕೊಳ್ತಿದ್ದ ಸೆಂಟಿನಂಗ ಐತಿ."

ಹಂಗಲ್ಲ, ಅದೇ ಎಂದು ಹೇಳಬಹುದಿತ್ತು. ನಾನು ಹೇಳಲಿಲ್ಲ. "ಏನಾತ್ರಿ?" ಎಂದೆ.

"ನಾ ಒಳಗ ಬಂದ್ರ ಸಾಕ್ರಿ, ನಮ್ಮ ಮನಿಯಾಕಿ ಟಿ.ವಿ. ಬಂದ್ ಮಾಡಿ, ಸೆರಗ ಸರಿ ಮಾಡ್ಕೊಂಡು ಎದ್ದ ನಿಂದರ್ತಾಳ. ಅತ್ತಿ ಬಂದ್ರು ಅಂತ. ಆಮ್ಯಾಲ ನನ್ನ ನೋಡಿ ಕುಂದ್ರತಾಳ."

"ಹಂಗಾರ ವಾಪಸ್ ಕೊಡ್ತೀರೇನ್ರಿ?"

"ವಾಪಸ್ ಯಾಕ್ರಿ? ಇನ್ನೂ ಎರಡು ಕೊಡ್ರಿ."

೫. ಪರೀಕ್ಷೆ

ನಾಲ್ಕನೆಯದು "ಗೋಲ್ಡ್". ಮುಚ್ಚಳ ಬಂಗಾರದ ಬಣ್ಣದ್ದು, ಬೇರೆ ಏನೂ ಇಲ್ಲ. ಅದು ಬಂದ ದಿನ ಆಯಿ ಅಂಗಡಿಗೆ ಬಂದು, ಯಾವತ್ತೂ ಇಲ್ಲದಂತೆ ಸ್ಟೂಲಿನ ಮೇಲೆ ಕುಳಿತಳು.

"ತಮ್ಮಾ, ಬರೂ ತಿಂಗಳ ಮೊಮ್ಮಗನ ಲಗ್ನ. ಬಾಗಿಲದಾಗ ನೆಗೆಣ್ಣಿ ಕುಂದ್ರಲಿ ಅಂತ ಮಂದಿ ಮಾತಾಡಾಕತ್ತಾರ. ವಾಟ್ಸಾಪಿನ್ಯಾಗ ಎಲ್ಲಾರೂ ಹೆಬ್ಬಟ್ಟ ಎತ್ಯಾರಂತ. ನನ್ನ ಮೊಮ್ಮಗನ ಲಗ್ನಕ್ಕ ನಾ ಬೀಗರಂಗ ಹೋಗಿ ಕೈ ಚಾಚಲೇನು?"

ಆಕೆಯ ಧ್ವನಿ ಮೊದಲ ಸಲ ಸಣ್ಣದಾಗಿತ್ತು. ನನಗೆ ಕೆಟ್ಟದೆನಿಸಿತು. ವಿಜ್ಞಾನ ಓದಿದವನು ಕೆಟ್ಟದೆನಿಸಿದರೆ ಪರೀಕ್ಷೆ ನಡೆಸುತ್ತಾನೆ. ನಾಲ್ಕೂ ಅವತಾರಗಳಲ್ಲಿ ಒಂದೊಂದು ಹತ್ತಿ ಅದ್ದಿದೆ. ಅಪ್ಪ ಬಿರಡೆ ಸಹ ತೆಗೆಯದೆ ಗಾಜಿನ ಕಪಾಟಿನಲ್ಲಿ ಕಾದಿಟ್ಟಿದ್ದ ಮೊದಲ ಹೆರಳಿನಾಕಿಯ ಒಂದು ಬಾಟಲಿ ಇತ್ತು. ಅದನ್ನೂ ಬಿಚ್ಚಿ ಐದನೇ ಹತ್ತಿ ಮಾಡಿದೆ. ಯಾವುದು ಯಾವುದೆಂದು ನನಗಷ್ಟೇ ಗೊತ್ತು.

ಹುಬ್ಬಳ್ಳಿಯಿಂದ ಬರುವ ಕಂಪನಿಯ ಏಜೆಂಟರು ಅಲ್ಲೇ ಇದ್ದರು. ಅವರು "ಗೋಲ್ಡ್" ಹತ್ತಿಯನ್ನು ಮೂಸಿ, "ಇದು ಯಾವನೋ ಡೂಪ್ಲಿಕೇಟ್ ಮಾಡ್ಯಾನ್ರಿ" ಎಂದರು. ಅಪ್ಪ ಐದನ್ನೂ ಮೂಸಿ, ಅಭ್ಯಾಸಬಲದಿಂದ ಐದಕ್ಕೂ "ಇದು ಅಸಲಿ" ಎಂದ. ಆಯಿ ಕಣ್ಣು ಮುಚ್ಚಿ ಎರಡೆರಡು ಸಲ ಮೂಸಿದಳು.

"ಎಲ್ಲಾ ಒಂದ ಐತೋ. ಇದರಾಗ ಅದು ಇಲ್ಲ."

"ಅದೂ ಐತಿ ಆಯಿ. ಐದನೇದು ಅದ, ನೀವು ನಲವತ್ತ ವರ್ಷ ಒಯ್ದದ್ದು."

ಆಯಿ ಕಣ್ಣು ತೆರೆದು ಅಪ್ಪನ ಕಡೆ ತಿರುಗಿದಳು.

"ಹಂಗಾರ ನಲವತ್ತ ವರ್ಷದಿಂದ ನೀನೂ ಡೂಪ್ಲಿಕೇಟ್ ಮಾರಿದಾಂವ ಅನ್ನು."

೬. ಕುರ್ಚಿ

ಇಷ್ಟು ವರ್ಷ ನಾನು ಹೇಳಿದ್ದು ನಿಜವೆಂದು ಸಾಬೀತಾಗಿತ್ತು. ಆದರೆ ಸಂತೋಷಪಡಲು ಆಗಲಿಲ್ಲ. ಊರಿಗೆ ಊರೇ ಒಂದು ವಾಸನೆ ಕಳೆದುಹೋಗಿದೆ ಎನ್ನುತ್ತಿದೆ, ಬಾಟಲಿಯಲ್ಲಿ ಅದು ಯಾವತ್ತೂ ಇರಲೇ ಇಲ್ಲ. ಹಾಗಾದರೆ ಎಲ್ಲಿತ್ತು? ಮುಂದಿನ ಭಾನುವಾರ ಸಾಂಬ್ರಾಣಿಗೆ ಹೋದೆ.

"ಆಯಿ, ಮೊದಲು ಬಾಟ್ಲಿ ಎಲ್ಲಿ ಇಡ್ತಿದ್ರಿ?"

"ಟ್ರಂಕಿನ್ಯಾಗ. ಲಗ್ನಕ್ಕ ಉಡೂ ಇಳಕಲ್ ಸೀರಿ ಜೋಡಿ. ಹತ್ತೀನೂ ಅಲ್ಲೇ. ಸೊಸಿ ಸ್ಟೀಲಿನ ತಿಜೋರಿ ತಂದ ಮ್ಯಾಲ ಟ್ರಂಕ ಅಟ್ಟಕ್ಕ ಹೋತು."

ತಿಜೋರಿ, ಅಂದರೆ ಬೀರು, ಬಂದದ್ದು ಯಾವಾಗ ಎಂದು ಕೇಳಿದೆ. ಹೆರಳಿನಾಕಿ ಮುಖ ತಿರುಗಿಸಿದ ವರ್ಷವೇ. ಟ್ರಂಕನ್ನು ಇಳಿಸಿ ಮುಚ್ಚಳ ಎತ್ತಿದೆವು. ನನ್ನ ಕಣ್ಣಲ್ಲಿ ನೀರು ಬಂತು, ಕಾರಣ ಪೂರ್ತಿ ರಾಸಾಯನಿಕ. ಆಯಿಯ ಕಣ್ಣಲ್ಲೂ ಬಂತು, ಕಾರಣ ಬೇರೆ.

"ಇದ! ಇದ ನೋಡು ಹೆರಳಿನಾಕಿ!"

"ಆಯಿ, ಇದು ಡಾಂಬರ ಗುಳಿಗಿ."

ಟ್ರಂಕಿನ ಮೂಲೆಯಲ್ಲಿ ಅವು ಕರಗಿ ಕರಗಿ ಕಡಲೆಕಾಳಿನಷ್ಟಾಗಿ ಬಿದ್ದಿದ್ದವು. ಸೀರೆಗೆ ನುಸಿ ಹಿಡಿಯಬಾರದೆಂದು ಹಾಕಿದ ನುಸಿಗುಳಿಗೆಗಳು. ನಲವತ್ತು ವರ್ಷ ಸೀರೆ, ಹತ್ತಿ, ಬಾಟಲಿಯ ಹೊರಮೈ, ಎಲ್ಲಕ್ಕೂ ಅದೇ ಹತ್ತಿತ್ತು. ಬಂದ ಹೆಂಗಸರೂ ತಮ್ಮ ತಮ್ಮ ಟ್ರಂಕಿನ ಸೀರೆ ಉಟ್ಟೇ ಬರುತ್ತಿದ್ದರು. ಆ ಸೀಮೆಗೆ ಮಂಗಳಕಾರ್ಯದ ವಾಸನೆ ಎಂದರೆ ಮುಕ್ಕಾಲು ಡಾಂಬರ ಗುಳಿಗೆ, ಕಾಲು ಮಲ್ಲಿಗೆ. ಆಮೇಲೆ ಮನೆಮನೆಗೆ ತಿಜೋರಿ ಬಂತು, ಜಿಪ್ಪಿನ ಚೀಲ ಬಂತು, ಬೈಗಳು ಕಂಪನಿಯ ಹೆಸರಲ್ಲಿ ನನಗೆ ಬಂದವು.

ಆಯಿ ಒಂದು ಗುಳಿಗೆ ಎತ್ತಿ ಮತ್ತೊಮ್ಮೆ ಮೂಸಿದಳು.

"ಅಂದ್ರ ನಲವತ್ತ ವರ್ಷ ನಾ ಮಂದಿ ಕೈಗೆ ಡಾಂಬರ ಹಚ್ಚೇನೇನು?"

"ಹೌದ್ರಿ."

"ಯಾರ ಮುಂದೂ ಬಾಯಿ ಬಿಡಬ್ಯಾಡ. ಪ್ಯಾಟಿಗೆ ಹೋಗಿ ಹೊಸಾ ಗುಳಿಗಿ ತಾ."

ಬಾಟಲಿ, ಹತ್ತಿ, ಸೀರೆ ಮೂರೂ ಹದಿನೈದು ದಿನ ಟ್ರಂಕಿನಲ್ಲಿ ಮಲಗಿದವು. ಲಗ್ನದ ದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಆಯಿ ಕುರ್ಚಿಯಲ್ಲಿ ಕೂತಿದ್ದಳು. ನಾನು ಬಾಗಿಲ ಪಕ್ಕ ಕಂಬಕ್ಕೆ ಆತು ನಿಂತಿದ್ದೆ. ಮೊದಲು ಬಂದಾಕೆ ಮುಂಗೈ ಮೂಸಿದವಳು ಅಲ್ಲೇ ನಿಂತುಬಿಟ್ಟಳು. "ಆಯೀ, ಹಳೇದು ಎಲ್ಲಿ ಸಿಕ್ತ? ನಮ್ಮವ್ವನ ನೆನಪಾತು ನೋಡು." ಎರಡನೆಯವಳು ಹಿಂದಿನವರನ್ನು ಕೂಗಿ ಕರೆದಳು. ಕೈಗುಣ ಮರಳಿ ಬಂದ ಸುದ್ದಿ ಊಟದ ಪಂಕ್ತಿಯ ತನಕ ಹೋಯಿತು. ಒಳಗೆ ಹೋಗಿದ್ದವರೂ ಹೊರಬಂದು ಎರಡನೇ ಸಲ ಕೈ ಚಾಚಿದರು.

ಕೊನೆಗೆ ನೆಗೆಣ್ಣಿ ಬಂದಳು. ಹೊಸ ರೇಷ್ಮೆ ಸೀರೆ, ಕೈಯಲ್ಲಿ ಸ್ಪ್ರೇ. ಸಾಲನ್ನು ನೋಡಿ ಸ್ಪ್ರೇಯನ್ನು ಚೀಲಕ್ಕೆ ಇಳಿಸಿದಳು. ಬೇರೆ ದಾರಿ ಇರಲಿಲ್ಲ, ಕೈ ಚಾಚಿದಳು. ಆಯಿ ಧಾರಾಳವಾಗಿ ಎರಡು ಸಲ ಹಚ್ಚಿದಳು. ನೆಗೆಣ್ಣಿ ಮೂಸಿ ಹುಬ್ಬು ಗಂಟಿಕ್ಕಿದಳು. ಇಷ್ಟು ವರ್ಷಗಳಲ್ಲಿ ಸರಿಯಾದ ಮೂಗು ಇದ್ದವಳು ಆಕೆಯೊಬ್ಬಳೇ ಎಂದು ಆಗ ನನಗೆ ತಿಳಿಯಿತು.

"ಅಕ್ಕಾ, ಡಾಂಬರ ಗುಳಿಗಿ ವಾಸನಿ ಬರ್ತೈತಲ್ಲ?"

ಸಾಲಿನಲ್ಲಿದ್ದವರು ಕತ್ತು ಚಾಚಿದರು. ನಾನು ಕಂಬವನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಆಯಿ ತಲೆ ಎತ್ತಲಿಲ್ಲ. ಕಡ್ಡಿಯನ್ನು ಬಾಟಲಿಗೆ ಅದ್ದುತ್ತ, ಬಹಳ ಪ್ರೀತಿಯಿಂದ, ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ ಹೇಳಿದಳು.

"ನಿನ್ನ ಸೀರಿದವಾ. ಉಡೂಕಿಂತ ಮೊದಲ ಗಾಳಿಗೆ ಹಾಕಬೇಕು."

ನೆಗೆಣ್ಣಿ ಗಾಬರಿಯಿಂದ ಸೆರಗು ಎತ್ತಿ ಮೂಗಿಗೆ ಹಿಡಿದಳು. ಹಿಡಿದದ್ದು, ಈಗಷ್ಟೇ ಸೆಂಟು ಹಚ್ಚಿಸಿಕೊಂಡ ಕೈಯಿಂದ.

ತಾಳಿ ಕಟ್ಟುವ ತನಕ ಆಕೆ ಕಾರ್ಯಾಲಯದ ಹೊರಗೆ ಬಿಸಿಲಲ್ಲಿ ಸೆರಗು ಹರವಿಕೊಂಡು ನಿಂತಿದ್ದಳು.